ಅವ್ವ ಹೋಗಿ ಬಾಯಿ ಆಗಿತ್ತು: ಅಜ್ಜನ ಪೆನ್ಷನ್ ಆಯಿಗೆ ಬರೋಕೆ ಹಿಡಿದ ಹತ್ತು ತಿಂಗಳು

ಅಜ್ಜ ತೀರಿಕೊಂಡಿದ್ದು 2025ರ ಜನವರಿಯಲ್ಲಿ, ಸಂಕ್ರಮಣ ಮುಗಿದ ಮರುವಾರ. ಆಯಿಯ, ಅಂದರೆ ಅಜ್ಜಿಯ, ಖಾತೆಗೆ ಫ್ಯಾಮಿಲಿ ಪೆನ್ಷನ್ ಬಂದಿದ್ದು ನವೆಂಬರ್ ಮೊದಲ ವಾರ. ನಡುವಿನ ಹತ್ತು ತಿಂಗಳಲ್ಲಿ ಬೈಲಹೊಂಗಲದಿಂದ ಬೆಳಗಾವಿಗೆ ಎಷ್ಟು ಸಲ ಓಡಾಡಿದೆನೋ ಲೆಕ್ಕವಿಲ್ಲ. ಬಸ್ಸಿನ ಕಂಡಕ್ಟರ್ ಒಬ್ಬರು "ಮತ್ತ ಮಿಲಿಟ್ರಿ ಕೆಲಸಾ ಏನ್ರೀ?" ಅಂತ ಕೇಳುವಷ್ಟು ಪರಿಚಯವಾದರು.

ನಮ್ಮ ಭಾಗದಲ್ಲಿ ಮನೆಗೊಬ್ಬರು ಅಲ್ಲದಿದ್ದರೂ ಓಣಿಗೊಬ್ಬರು ಮಿಲಿಟ್ರಿಯವರು ಇದ್ದೇ ಇರುತ್ತಾರೆ. 1971ರ ಯುದ್ಧ ನೋಡಿ ಬಂದವರಿಗೆಲ್ಲ ಈಗ ಎಪ್ಪತ್ತು ದಾಟಿದೆ. ಅವರ ಮನೆಯವರಿಗೂ ಇಂದಲ್ಲ ನಾಳೆ ಈ ಓಡಾಟ ತಪ್ಪಿದ್ದಲ್ಲ. ಅದಕ್ಕೇ ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಅಜ್ಜ ಮರಾಠಾ ಲೈಟ್ ಇನ್‌ಫೆಂಟ್ರಿಯ ಒಂದನೇ ಬೆಟಾಲಿಯನ್‌ನಲ್ಲಿದ್ದರು. ಜಂಗಿ ಪಲ್ಟನ್ ಅಂತ ಅದಕ್ಕೆ ಹೆಸರು. 1966ರಲ್ಲಿ ಬೆಳಗಾವಿಯಲ್ಲೇ ಭರ್ತಿಯಾಗಿ, 1983ರಲ್ಲಿ ನಾಯಕ್ ಆಗಿ ಪೆನ್ಷನ್ ಮೇಲೆ ಬಂದರು. ಊರಲ್ಲಿ ಅವರ ಬಗ್ಗೆ ಒಂದು ಕಥೆ ಇತ್ತು. 71ರ ಯುದ್ಧದಲ್ಲಿ ಒಬ್ಬರೇ ಹತ್ತು ಮಂದಿಯನ್ನು ಕೆಡವಿದರಂತೆ. ನಾನು ಹೈಸ್ಕೂಲಿಗೆ ಬರುವಷ್ಟರಲ್ಲಿ ಹತ್ತು ಇದ್ದದ್ದು ಇಪ್ಪತ್ತಾಗಿತ್ತು. ಅಜ್ಜ ಮಾತ್ರ ಹೌದು ಅನ್ನುತ್ತಿರಲಿಲ್ಲ, ಅಲ್ಲ ಅಂತಲೂ ಅನ್ನುತ್ತಿರಲಿಲ್ಲ. ಕಬ್ಬಿನ ಟ್ರ್ಯಾಕ್ಟರ್ ಕೆಸರಲ್ಲಿ ಹೂತಾಗ ಮಾತ್ರ ಅವರೊಳಗಿನ ಪಲ್ಟನ್ ಹೊರಗೆ ಬರುತ್ತಿತ್ತು. ಎಲ್ಲರೂ ಹೆಗಲು ಕೊಟ್ಟ ಮೇಲೆ "ಬೋಲ್ ಶ್ರೀ ಛತ್ರಪತಿ ಶಿವಾಜಿ ಮಹಾರಾಜ್ ಕೀ" ಅಂತ ಕೂಗುತ್ತಿದ್ದರು. "ಜೈ" ಅನ್ನುವಾಗ ನಾವು ನೂಕಬೇಕು.

ಅವರ ಬಲ ಅಂಗೈಯಲ್ಲಿ ಅಡ್ಡಕ್ಕೆ ಒಂದು ಸುಟ್ಟ ಕಲೆ ಇತ್ತು. ಆ ಜಾಗದ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಕೇಳಿದರೆ "ಗಾಣದಾಗ ಬೆಲ್ಲದ ಕೊಪ್ಪರಿಗಿ ಹತ್ತಿತ್ತು" ಅನ್ನುತ್ತಿದ್ದರು. ನಾವೂ ನಂಬಿದ್ದೆವು.

ಮೊದಲು ನಾವು ಮಾಡಿದ ತಪ್ಪುಗಳನ್ನು ಹೇಳಿಬಿಡುತ್ತೇನೆ. ಮೊದಲ ವಾರದಲ್ಲೇ ಎರಡು ಮಾಡಿದ್ದೆವು.

ಒಂದು, ಅಜ್ಜನ ಮೊಬೈಲ್. ಹಳೆಯ ಕೀಪ್ಯಾಡ್ ಸೆಟ್ಟು. ಇನ್ನು ಯಾರಿಗೆ ಬೇಕು ಅಂತ ಒಂದು ಡಬ್ಬಿಯಲ್ಲಿ ಹಾಕಿಟ್ಟೆವು, ರೀಚಾರ್ಜ್ ಮಾಡಿಸಲಿಲ್ಲ. ಕೆಲವು ತಿಂಗಳಲ್ಲಿ ಸಿಮ್ ಸತ್ತಿತು. ಅವರ ಪೆನ್ಷನ್ ಸ್ಪರ್ಶ್ ಅನ್ನುವ, ಮಿಲಿಟ್ರಿ ಪೆನ್ಷನ್ನಿನ ಆನ್‌ಲೈನ್ ಪೋರ್ಟಲ್‌ನಲ್ಲಿತ್ತು, ಓಟಿಪಿ ಬರುವುದು ಅದೇ ನಂಬರಿಗೆ. ಇದು ಗೊತ್ತಾಗುವ ಹೊತ್ತಿಗೆ ಆ ನಂಬರ್ ಯಾವುದೋ ಊರಿನ ಯಾರದೋ ಕೈಗೆ ಹೋಗಿತ್ತು. ನಿಮ್ಮ ಮನೆಯಲ್ಲಿ ಹೀಗಾದರೆ ಬೇರೆ ಏನು ಮರೆತರೂ ಪರವಾಗಿಲ್ಲ, ಸಿಮ್ ಒಂದನ್ನು ಜೀವಂತ ಇಡಿ.

ಎರಡನೆಯದು ಕೂದಲೆಳೆಯಲ್ಲಿ ತಪ್ಪಿತು. ಹನ್ನೊಂದನೇ ದಿನದ ಊಟದ ಖರ್ಚಿಗೆ ಅಂತ ಕಾಕಾ ಅಜ್ಜನ ಎಟಿಎಂ ಕಾರ್ಡ್ ತೆಗೆದುಕೊಂಡು ಬೈಲಹೊಂಗಲಕ್ಕೆ ಹೊರಟಿದ್ದರು. ಪಕ್ಕದ ಓಣಿಯ ನಿವೃತ್ತ ಹವಾಲ್ದಾರರು ದಾರಿಯಲ್ಲಿ ಸಿಕ್ಕು ತಡೆದರು. ಪೆನ್ಷನ್ ತೀರಿಕೊಂಡ ದಿನದವರೆಗೆ ಮಾತ್ರ. ಮರುದಿನದಿಂದ ಲೆಕ್ಕಕ್ಕೆ ಬರುವುದು ಹೆಂಡತಿಯ ಫ್ಯಾಮಿಲಿ ಪೆನ್ಷನ್. ಸಾವಿನ ಸುದ್ದಿ ತಿಳಿಸುವುದು ತಡವಾಗಿ ಜಾಸ್ತಿ ಹಣ ಜಮಾ ಆದರೆ ಅದನ್ನು ವಾಪಸ್ ಹಿಡಿಯುತ್ತಾರೆ. ಖರ್ಚು ಮಾಡಿ ಕೂತರೆ ಮುಂದೆ ಆಯಿಯ ಹಣದಲ್ಲೇ ಕಡಿತ. ಕಾಕಾ ಮುಖ ಸಣ್ಣದು ಮಾಡಿಕೊಂಡು ವಾಪಸ್ ಬಂದರು.

ಮರಣ ಪ್ರಮಾಣಪತ್ರ ಸುಲಭವಾಗಿ ಸಿಕ್ಕಿತು. 21 ದಿನದ ಒಳಗೆ ನೋಂದಾಯಿಸಿದರೆ ಶುಲ್ಕವೂ ಇಲ್ಲ, ಪ್ರಶ್ನೆಯೂ ಇಲ್ಲ. ಬರೆಸುವಾಗ ಮಾತ್ರ ಒಂದು ಎಚ್ಚರ ಬೇಕು. ನಾವು ಅಜ್ಜನ ಹೆಸರನ್ನು ಆಧಾರ್‌ನಲ್ಲಿದ್ದ ಹಾಗೆ ಬರೆಸಿದೆವು. ಮಿಲಿಟ್ರಿ ಕಾಗದದಲ್ಲಿ ಏನಿದೆ ಅಂತ ನೋಡಿರಲೇ ಇಲ್ಲ.

ನೋಡಿದ್ದು ಫೆಬ್ರುವರಿಯಲ್ಲಿ, ಟ್ರಂಕ್ ತೆಗೆದಾಗ. ಕಪ್ಪು ಬಣ್ಣದ ತಗಡಿನ ಟ್ರಂಕ್. ಮೇಲೆ ಬಿಳಿ ಬಣ್ಣದಲ್ಲಿ ನಂಬರ್, ಹೆಸರು, ಪಲ್ಟನ್. ಒಳಗೆ ನುಸಿ ಗುಳಿಗೆಯ ವಾಸನೆ. ಒಂದು ಉಣ್ಣೆಯ ಜರ್ಸಿ, ಅದರ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಡಿಸ್ಚಾರ್ಜ್ ಬುಕ್, ಪಿಪಿಒ ಅನ್ನುವ ಪೆನ್ಷನ್ ಆದೇಶದ ಕಾಗದ, ಮತ್ತು ಒಂದು ಕರ್ಚೀಫಿನ ಗಂಟು. ಗಂಟಿನಲ್ಲಿ ಎರಡು ಮೆಡಲ್. ಒಂದು ಸಂಗ್ರಾಮ ಮೆಡಲ್, ಇನ್ನೊಂದು 1972ರ ಸ್ವಾತಂತ್ರ್ಯದ ಇಪ್ಪತ್ತೈದನೇ ವರ್ಷದ್ದು.

ಡಿಸ್ಚಾರ್ಜ್ ಬುಕ್ ಬಿಚ್ಚಿದ ಅಪ್ಪ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, "ಇದ್ಯಾರಲೇ?"

ಹೆಂಡತಿಯ ಹೆಸರಿನ ಜಾಗದಲ್ಲಿ ಆಯಿಯ ಹೆಸರಿತ್ತು, ಆದರೆ ಬಾಲ ಬೇರೆ. ನಮ್ಮ ಕಡೆ ಹೆಣ್ಣುಮಕ್ಕಳ ಹೆಸರು ಅವ್ವ ಅಂತ ಮುಗಿಯುತ್ತದೆ, ಅಲ್ವಾ? ಆಧಾರ್, ಪಡಿತರ ಚೀಟಿ, ಹೊಲದ ಪಹಣಿ, ಎಲ್ಲ ಕಡೆ ಆಯಿ ಅವ್ವನೇ. ಮಿಲಿಟ್ರಿಯಲ್ಲಿ ಮಾತ್ರ ಬಾಯಿ! ಆಯಿಗೆ ಕೇಳಿದರೆ ನಗು. "ಮದುವಿ ಆಗಿ ಹೋದ ಮ್ಯಾಲ ಅವರ ಬರಿಸಿದ್ರು. ಪಲ್ಟನ್‌ನಾಗ ಎಲ್ಲಾರ ಹೇಣ್ತೇರೂ ಬಾಯಿನ ಇದ್ರಂತ. ಇವರೂ ಬಾಯಿ ಅಂತ ಹೇಳಿ ಬಂದಾರ." ಯಾರ ತಪ್ಪೂ ಅಲ್ಲ. ಸುತ್ತ ಮರಾಠಿ ಮಾತಾಡುವವರ ನಡುವೆ ಹೊಸದಾಗಿ ಮದುವೆಯಾದ ಸಿಪಾಯಿ ಒಬ್ಬ ಹೆಂಡತಿಯ ಹೆಸರನ್ನು ಗೆಳೆಯರ ಹಾಗೆ ಹೇಳಿದ್ದಾನೆ. ಅದು 1973. ಐವತ್ತೆರಡು ವರ್ಷದ ಮೇಲೆ ಅದರ ಬಿಲ್ಲು ನಮ್ಮ ಕೈಗೆ ಬಂತು.

ಅಜ್ಜನ ಹೆಸರಿನದು ಇನ್ನೂ ಚೆಂದ. ಡಿಸ್ಚಾರ್ಜ್ ಬುಕ್‌ನಲ್ಲಿ ಒಂದು ಸ್ಪೆಲ್ಲಿಂಗ್, ಆಧಾರ್‌ನಲ್ಲಿ ಒಂದು. ಮೆಡಲ್‌ನ ಅಂಚನ್ನು ಬೆಳಕಿಗೆ ಹಿಡಿದು ನೋಡಿದರೆ ಅಲ್ಲಿ ಮೂರನೆಯದು. ನಮ್ಮ ಸೈನ್ಯದ ಮೆಡಲ್‌ಗಳ ಅಂಚಿನಲ್ಲಿ ಪಡೆದವನ ನಂಬರ್, ಹೆಸರು ಕೊರೆದಿರುತ್ತಾರೆ ಅಂತ ನನಗೆ ಗೊತ್ತಾಗಿದ್ದೇ ಆಗ. ಸಮಾಧಾನ ಅಂದರೆ ಮೂರೂ ಕಡೆ ಆರ್ಮಿ ನಂಬರ್ ಒಂದೇ. ಮುಂದೆ ಎಲ್ಲ ಕಡೆ ನಮ್ಮ ಕೈ ಹಿಡಿದಿದ್ದು ಅದೇ. ನೀವು ಎಲ್ಲಿಗೆ ಏನು ಬರೆದರೂ ಮೊದಲ ಸಾಲಿನಲ್ಲಿ ಆರ್ಮಿ ನಂಬರ್ ಹಾಕಿ, ಹೆಸರು ಆಮೇಲೆ.

ಅದೇ ಪುಸ್ತಕದಲ್ಲಿ ಗುರುತಿನ ಚಿಹ್ನೆ ಅಂತ ಒಂದು ಸಾಲಿದೆ. ಬಲ ಅಂಗೈಯಲ್ಲಿ ಸುಟ್ಟ ಗಾಯದ ಕಲೆ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ನಾನು ಓದಿದೆ, ಅಪ್ಪ ಓದಿದರು, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಮ್ಮ ಗಾಣ ಶುರುವಾಗಿದ್ದು ಅಜ್ಜ ಪೆನ್ಷನ್ ಬಂದ ಮೇಲೆ, ಆ ದುಡ್ಡಿನಲ್ಲೇ. ಪುಸ್ತಕ ಬರೆದು ಮುಗಿಸುವಾಗ ನಮ್ಮ ಮನೆಯಲ್ಲಿ ಕೊಪ್ಪರಿಗೆಯೇ ಇರಲಿಲ್ಲ.

ಮಾರ್ಚ್ ಮೊದಲ ವಾರ ಆಯಿಯನ್ನು ಕರೆದುಕೊಂಡು ಬೆಳಗಾವಿಗೆ ಹೋದೆ. ಸರ್ಕಾರಿ ಬಸ್ಸಿನಲ್ಲಿ ಆಯಿಗೆ ಶಕ್ತಿ ಯೋಜನೆಯ ಸೊನ್ನೆ ಟಿಕೆಟ್, ನನಗೆ ಪೂರ್ತಿ. ಹೋಗಬೇಕಾದ ಜಾಗ ಎರಡು. ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಕಚೇರಿ ಒಂದು. ಅಲ್ಲಿ ವಿಧವೆಯರ ಗುರುತಿನ ಚೀಟಿ ಮಾಡಿಕೊಡುತ್ತಾರೆ, ಅರ್ಜಿ ಬರೆಯಲು ಸಹಾಯ ಮಾಡುತ್ತಾರೆ. ಇನ್ನೊಂದು ಕ್ಯಾಂಪ್ ಕಡೆ ಇರುವ ಮರಾಠಾ ರೆಕಾರ್ಡ್ಸ್, ಅಂದರೆ ಅಜ್ಜನ ರೆಜಿಮೆಂಟಿನ ದಾಖಲೆ ಕಚೇರಿ. ಹೆಂಡತಿಯ ಹೆಸರು ತಿದ್ದುವುದು ಅಲ್ಲಿಯೇ. ಬೇರೆ ರೆಜಿಮೆಂಟಿನವರಾದರೆ ರೆಕಾರ್ಡ್ಸ್ ಆಫೀಸು ಎಲ್ಲೋ ಜಬಲ್ಪುರವೋ ವೆಲ್ಲಿಂಗ್ಟನ್ನೋ ಆಗಿರುತ್ತದೆ, ಪೋಸ್ಟಿನಲ್ಲೇ ವ್ಯವಹಾರ. ನಮ್ಮದು ಬಸ್ಸಿನ ದಾರಿಯಲ್ಲಿದ್ದದ್ದು ದೊಡ್ಡ ಪುಣ್ಯ. ಒಳಗೆ ಹೋಗಲು ಗೇಟಿನಲ್ಲಿ ಆಧಾರ್ ತೋರಿಸಿ ಹೆಸರು ಬರೆಸಿದೆವು, ಮೊಬೈಲ್ ಅಲ್ಲೇ ಬಿಟ್ಟೆವು. ಹೋಗುವ ಮುಂಚೆಯೇ ಎಲ್ಲದರ ಜೆರಾಕ್ಸ್ ಮಾಡಿಸಿಕೊಳ್ಳಿ. ಒಳಗೆ ಹೋದ ಮೇಲೆ ಒಂದು ಕಾಗದ ಕಡಿಮೆ ಬಿದ್ದರೆ ಆ ದಿನ ಮುಗಿಯಿತು ಅಂತಲೇ.

ಕೌಂಟರಿನ ಹುಡುಗ ಒಳ್ಳೆಯವನು. ಪುಸ್ತಕ ನೋಡಿ, ಆಯಿಯ ಆಧಾರ್ ನೋಡಿ, "ಇದು ದಿನಾ ಬರೋ ಕೇಸು, ಗಾಬರಿ ಆಗಬ್ಯಾಡ್ರಿ" ಅಂದ. ಅವನು ಚೀಟಿಯಲ್ಲಿ ಬರೆದುಕೊಟ್ಟಿದ್ದು ಇಷ್ಟು: ಎರಡೂ ಹೆಸರು ಒಬ್ಬಳದೇ ಅಂತ ನೋಟರಿ ಮಾಡಿಸಿದ ಅಫಿಡವಿಟ್, ಅಜ್ಜನ ಹೆಸರಿಗೂ ಅಂಥದ್ದೇ ಇನ್ನೊಂದು, ಎರಡು ಪತ್ರಿಕೆಗಳಲ್ಲಿ ಪ್ರಕಟಣೆ, ಪಂಚಾಯಿತಿಯಿಂದ ಒಂದು ಪತ್ರ, ಇಬ್ಬರೂ ಇರುವ ಫೋಟೊ, ಮರಣ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಪ್ಯಾನ್. ನಮ್ಮದು ಸಣ್ಣ ವ್ಯತ್ಯಾಸ, ಅದಕ್ಕೆ ಗೆಜೆಟ್ ತನಕ ಹೋಗಲಿಲ್ಲ. ಪೂರ್ತಿ ಬೇರೆ ಹೆಸರಿದ್ದವರು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಅಫಿಡವಿಟ್ ವಿಷಯದಲ್ಲಿ ನಾನೊಂದು ದಡ್ಡತನ ಮಾಡಿದೆ. ಅಭಿಮಾನದಿಂದ ಕನ್ನಡದಲ್ಲಿ ಮಾಡಿಸಿದೆ. ಕಡತ ಕೊನೆಗೆ ಹೋಗುವುದು ಪ್ರಯಾಗರಾಜ್‌ಗೆ, ರಕ್ಷಣಾ ಪೆನ್ಷನ್ ಮಂಜೂರಾಗುವುದು ಅಲ್ಲಿಂದ. ಅಲ್ಲಿ ಕನ್ನಡ ಓದುವವರು ಯಾರು? ಮತ್ತೆ ಇಂಗ್ಲಿಷಿನಲ್ಲಿ ಮಾಡಿಸಿದೆ. ದುಡ್ಡು ಎರಡು ಸಲ ಹೋಯಿತು. ಇಬ್ಬರೂ ಇರುವ ಫೋಟೊ ಮನೆಯಲ್ಲಿ ಒಂದೂ ಸಿಗಲಿಲ್ಲ. ಮದುವೆಯಲ್ಲೂ ತೆಗೆಸಿಲ್ಲವಂತೆ. ಕೊನೆಗೆ ಅತ್ತೆಯ ಮದುವೆ ಆಲ್ಬಮ್‌ನಿಂದ ಒಂದನ್ನು ಕತ್ತರಿಸಿ ದೊಡ್ಡದು ಮಾಡಿಸಿದೆವು. ಅದರಲ್ಲಿ ಅಜ್ಜ ಆಯಿಯ ನಡುವೆ ಯಾರದೋ ಮೊಣಕೈ ಬಂದಿದೆ. ನಡೆಯಿತು.

ರೆಕಾರ್ಡ್ಸ್‌ಗೆ ಹೋದ ದಿನವೇ ಹೊರಗೆ ಚಾ ಅಂಗಡಿಯಲ್ಲಿ ಒಬ್ಬ ಹಿರಿಯರು ಸಿಕ್ಕರು. ನಿವೃತ್ತ ಸುಬೇದಾರರು. ಊರಿನವರ ಕಾಗದ ಹಿಡಿದು ತಿಂಗಳಿಗೆರಡು ಸಲ ಬೆಳಗಾವಿಗೆ ಬರುತ್ತಾರಂತೆ. ನಾನು ಟೇಬಲ್ ಮೇಲೆ ಡಿಸ್ಚಾರ್ಜ್ ಬುಕ್ ಇಟ್ಟಿದ್ದೆ. ಕನ್ನಡಕ ಏರಿಸಿಕೊಂಡು ಪಲ್ಟನ್ ನೋಡಿದರು, ಹೆಸರು ಓದಿದರು, ಆಮೇಲೆ ಆಯಿಯ ಕಡೆ ತಿರುಗಿ ಕೈ ಮುಗಿದರು. "ವೈನಿ, ನಾನೂ ಜಮಾಲ್‌ಪುರದಾಗ ಇದ್ದೆ."

ಚಾ ಮೂರು ಸಲ ಬಂತು. ದುಡ್ಡು ಕೊಡಲು ನನ್ನನ್ನು ಬಿಡಲಿಲ್ಲ.

ಜಮಾಲ್‌ಪುರ ಈಗಿನ ಬಾಂಗ್ಲಾದೇಶದ ಉತ್ತರ ಭಾಗದಲ್ಲಿ, ಹಳೆ ಬ್ರಹ್ಮಪುತ್ರದ ದಂಡೆಯ ಊರು. 71ರ ಯುದ್ಧದಲ್ಲಿ ಅಲ್ಲಿ ಪಾಕಿಸ್ತಾನದ 31 ಬಲೂಚ್ ಪಲ್ಟನ್ ಬೇರು ಬಿಟ್ಟು ಕೂತಿತ್ತು. ಎದುರಿನಿಂದ ಹೋಗಿ ತಲೆ ಜಜ್ಜಿಕೊಳ್ಳುವ ಬದಲು ನಮ್ಮವರು ನದಿ ದಾಟಿ ಊರಿನ ಹಿಂದಕ್ಕೆ ಹೋಗಿ, ಢಾಕಾ ಕಡೆಯ ರಸ್ತೆಗೆ ಅಡ್ಡ ಕೂತರು. ಜಂಗಿ ಪಲ್ಟನ್‌ಗೆ ಆಗ ಲೆಫ್ಟಿನೆಂಟ್ ಕರ್ನಲ್ ಕೆ.ಎಸ್. ಬ್ರಾರ್ ಕಮಾಂಡರ್. ಆ ಲಡಾಯಿಗೆ ಅವರಿಗೆ ವೀರ ಚಕ್ರ ಬಂತು. ನಮ್ಮ ಬ್ರಿಗೇಡಿಯರ್ ಹರ್ದಿತ್ ಸಿಂಗ್ ಕ್ಲೇರ್ ಅವರು ಶರಣಾಗಿ ಅಂತ ಪತ್ರ ಬರೆದು ಒಬ್ಬ ಮುದುಕನ ಕೈಯಲ್ಲಿ ಕಳಿಸಿದರು. ಉತ್ತರ ಬಂತು. ಪತ್ರದ ಜೊತೆ ಒಂದು ಗುಂಡನ್ನೂ ಸುತ್ತಿ ಕಳಿಸಿದ್ದರು. "ಪೆನ್ನ ಬಿಟ್ಟು ಬಂದೂಕ ಹಿಡ್ಕೊಂಡ ಬರ್ರಿ ಅಂತ ಅದರ ಅರ್ಥ" ಅಂತ ಸುಬೇದಾರರು ನಕ್ಕರು.

ಡಿಸೆಂಬರ್ 10ರ ರಾತ್ರಿ ಬಲೂಚ್‌ನವರು ಕತ್ತಲಲ್ಲಿ ತಪ್ಪಿಸಿಕೊಂಡು ಢಾಕಾ ಕಡೆ ಹೋಗಲು ಹೊರಟರು. ಹೊರಟಿದ್ದು ಸೀದಾ ಜಂಗಿ ಪಲ್ಟನ್ ಕೂತಿದ್ದ ಜಾಗಕ್ಕೆ.

"ನಿಮ್ಮ ಮುತ್ಯಾ ಎಲ್‌ಎಂಜಿಗೆ ನಂಬರ್ ಟೂ ಇದ್ದಾ" ಅಂದರು. ಇದನ್ನು ನಾನು ಬಿಡಿಸಿ ಹೇಳಬೇಕು, ಯಾಕೆಂದರೆ ನನಗೂ ಅರ್ಥವಾಗಿರಲಿಲ್ಲ. ಎಲ್‌ಎಂಜಿ ಅಂದರೆ ಲೈಟ್ ಮಷಿನ್ ಗನ್, ಅದಕ್ಕೆ ಇಬ್ಬರು ಬೇಕು. ನಂಬರ್ ಒನ್ ಗುಂಡು ಹೊಡೆಯುತ್ತಾನೆ. ನಂಬರ್ ಟೂ ಪಕ್ಕದಲ್ಲಿ ಮಲಗಿ ಮ್ಯಾಗಜಿನ್ ತುಂಬುತ್ತಾನೆ, ಬದಲಿಸುತ್ತಾನೆ, ಬ್ಯಾರಲ್ ಕಾದಾಗ ಅದನ್ನು ತೆಗೆದು ಇನ್ನೊಂದು ಹಾಕುತ್ತಾನೆ. ಊರಿನ ಕಥೆಗಳಲ್ಲಿ ನಂಬರ್ ಟೂ ಇರುವುದೇ ಇಲ್ಲ.

ಒಂದು ಹೊತ್ತಿಗೆ ನಂಬರ್ ಒನ್‌ಗೆ ಹೆಗಲಿಗೆ ಗುಂಡು ಬಿತ್ತು. ಅಜ್ಜ ಅವನನ್ನು ಕಂದಕದೊಳಗೆ ಎಳೆದು ಹಾಕಿ ತಾನೇ ಎಲ್‌ಎಂಜಿ ಹಿಡಿದರು. ಈಗ ನಂಬರ್ ಟೂ ಇಲ್ಲ. ತಾನೇ ಹೊಡೆಯಬೇಕು, ತಾನೇ ತುಂಬಬೇಕು. ಬ್ಯಾರಲ್ ಬದಲಿಸಲು ಅದಕ್ಕೆ ಒಂದು ಹಿಡಿಕೆ ಇರುತ್ತದೆ. ಕತ್ತಲಲ್ಲಿ, ಅವಸರದಲ್ಲಿ, ಹಿಡಿಕೆ ತಪ್ಪಿ ಅಜ್ಜ ಕಾದ ಬ್ಯಾರಲ್ಲನ್ನೇ ಹಿಡಿದರು.

"ಬಿಟ್ಟಿದ್ರ ಅದು ಮಣ್ಣಾಗ ಬೀಳತಿತ್ತು. ಮಣ್ಣು ಹೊಕ್ಕ ಬ್ಯಾರಲ್ ಮತ್ತ ಕೆಲಸಕ್ಕ ಬರೂದಿಲ್ಲ" ಅಂತ ಸುಬೇದಾರರು ತಮ್ಮ ಅಂಗೈ ಬಿಚ್ಚಿ, ಅಡ್ಡಕ್ಕೆ ಬೆರಳಿಂದ ಗೆರೆ ಎಳೆದು ತೋರಿಸಿದರು. "ಅವಾ ಬಿಡಲಿಲ್ಲ."

ಬೆಳಗಾದ ಮೇಲೆ ನೋಡಿದರೆ ಎದುರಿಗೆ ಇನ್ನೂರಕ್ಕೂ ಜಾಸ್ತಿ ಹೆಣ. ಅಷ್ಟೂ ಒಬ್ಬರು ಕೆಡವಿದ್ದಲ್ಲ, ಇಡೀ ಪಲ್ಟನ್ ಕೂಡಿ ತಡೆದದ್ದು. ಜಮಾಲ್‌ಪುರ ಅವತ್ತೇ, ಡಿಸೆಂಬರ್ 11ಕ್ಕೆ, ಶರಣಾಯಿತು. ಪಲ್ಟನ್ ಅಲ್ಲಿಂದ ಟಾಂಗೈಲ್ ಕಡೆ ಹೋಗಿ ಪ್ಯಾರಾಶೂಟಿನಿಂದ ಇಳಿದಿದ್ದ 2 ಪ್ಯಾರಾದವರನ್ನು ಕೂಡಿಕೊಂಡಿತು. ಡಿಸೆಂಬರ್ 16ಕ್ಕೆ ಢಾಕಾ. ಅಜ್ಜ ಕೈಗೆ ಬಟ್ಟೆ ಸುತ್ತಿಕೊಂಡೇ ಅಲ್ಲಿಯವರೆಗೂ ನಡೆದರಂತೆ.

ಆಯಿ ಎಲ್ಲ ಕೇಳಿಸಿಕೊಂಡು ಕೂತಿದ್ದಳು. ಕೊನೆಗೆ ಒಂದೇ ಮಾತು ಕೇಳಿದಳು. "ಆ ಇನ್ನೊಬ್ಬಾಂವ ಬದುಕಿದನೇನ್ರಿ?" ಬದುಕಿದರಂತೆ. ಸಾತಾರಾ ಕಡೆಯವರು. ಸುಮಾರು ವರ್ಷ ಅಜ್ಜನಿಗೆ ದೀಪಾವಳಿಗೆ ಕಾರ್ಡ್ ಬರೆಯುತ್ತಿದ್ದರಂತೆ. "ಹಾಂ, ಆ ಕಾರ್ಡ್ ಅವರದ?" ಅಂದಳು ಆಯಿ.

ಕಾಕಾಗೆ ಇದನ್ನೆಲ್ಲ ಹೇಳಿದ್ದೇ ತಡ, ಈಗಲೇ ವೀರ ಚಕ್ರಕ್ಕೆ ಅರ್ಜಿ ಹಾಕೋಣ ಅಂತ ಹಟ ಹಿಡಿದರು. ಇಂಥ ಕಾಕಾಗಳು ನಿಮ್ಮ ಮನೆಯಲ್ಲೂ ಇರಬಹುದು, ಅದಕ್ಕೆ ಹೇಳುತ್ತೇನೆ. ಶೌರ್ಯ ಪದಕಕ್ಕೆ ಮನೆಯವರು ಅರ್ಜಿ ಹಾಕುವಂತಿಲ್ಲ. ಆಗಲೇ, ಅಲ್ಲಿಯೇ, ಪಲ್ಟನ್‌ನ ಕಮಾಂಡರ್ ಶಿಫಾರಸು ಬರೆದು ಮೇಲಕ್ಕೆ ಕಳಿಸಬೇಕು. ಅಜ್ಜನ ಹೆಸರಿನಲ್ಲಿ ಅಂಥದ್ದು ಹೋಗಿರಲಿಲ್ಲ. ಇನ್ನೊಂದು ಗೊಂದಲವೂ ಸಾಮಾನ್ಯ. ಪೂರ್ವೀ ಸ್ಟಾರ್, ಸಂಗ್ರಾಮ ಮೆಡಲ್ ಇವು ಶೌರ್ಯ ಪದಕ ಅಲ್ಲ. ಪೂರ್ವದ ರಣರಂಗದಲ್ಲಿ ಸೇವೆ ಮಾಡಿದವರಿಗೆ ಪೂರ್ವೀ ಸ್ಟಾರ್, ಪಶ್ಚಿಮದವರಿಗೆ ಪಶ್ಚಿಮೀ ಸ್ಟಾರ್. ಪರಮವೀರ, ಮಹಾವೀರ, ವೀರ ಚಕ್ರ, ಸೇನಾ ಮೆಡಲ್ ಬೇರೆ ಸಾಲಿನವು. ಸರ್ಕಾರದ ನಗದು ಬಹುಮಾನ ಎಲ್ಲ ಆ ಸಾಲಿಗೆ. ಇದು ಗೊತ್ತಿಲ್ಲದೆ ಅರ್ಜಿ ಹಿಡಿದು ತಿರುಗುವವರನ್ನು ನಾನೇ ಇಬ್ಬರನ್ನು ನೋಡಿದೆ.

ಆದರೆ ಪೂರ್ವೀ ಸ್ಟಾರ್ ನಮ್ಮಲ್ಲಿ ಇರಲಿಲ್ಲವಲ್ಲ, ಅದು ಎಲ್ಲಿ? ಅಪ್ಪ ಕೆಮ್ಮಿದರು. 1986ರ ಕಾರಹುಣ್ಣಿಮೆ. ಕರಿ ಹರಿಯಲು ಎತ್ತುಗಳಿಗೆ ಕೋಡು ಸವರಿ, ಗೊಂಡೆ ಕಟ್ಟಿ ಸಿಂಗರಿಸುತ್ತಿದ್ದರು. ಅಜ್ಜ ಟ್ರಂಕಿನಿಂದ ಆ ನಕ್ಷತ್ರದ ಮೆಡಲ್ ತಂದು ಬಿಳಿ ಎತ್ತಿನ ಕೋಡಿಗೆ ಕಟ್ಟಿದರಂತೆ. "ಈ ವರ್ಷ ನನಗಿಂತ ಇದ ಜಾಸ್ತಿ ದುಡದೈತಿ." ಎತ್ತು ಓಡಿತು, ಗೆದ್ದಿತು, ಮೆಡಲ್ ಎಲ್ಲೋ ಬಿತ್ತು. ಅಪ್ಪ ಮತ್ತು ಕಾಕಾ ಎರಡು ದಿನ ಹುಡುಕಿದ್ದರಂತೆ.

ಕಳೆದ ಮೆಡಲ್‌ಗೆ ಬದಲಿ ಸಿಗುತ್ತದೆ, ಬೆಲೆ ಕಟ್ಟಬೇಕು. ರೆಕಾರ್ಡ್ಸ್ ಮೂಲಕ ಅರ್ಜಿ ಹೋಗಬೇಕು. ಜೊತೆಗೆ ಕಳೆದದ್ದಕ್ಕೆ ಪೊಲೀಸರಿಂದ ಪತ್ರ ಮತ್ತು ಅಫಿಡವಿಟ್ ಇಡಿ ಅಂದರು. ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಗಂಭೀರವಾಗಿ ಬರೆದುಕೊಳ್ಳಲು ಶುರು ಮಾಡಿದರು.

"ಯಾವಾಗ ಕಳೀತು?"

"1986 ಸರ್."

ಪೆನ್ನು ನಿಂತಿತು. "ಎಲ್ಲಿ ಇಟ್ಟಿದ್ರಿ?"

"ಎತ್ತಿನ ಕೋಡಿಗೆ."

ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕಥೆ ಕೇಳಿದರು. ಆಮೇಲೆ "ಮನೆಯ ಆವರಣದಲ್ಲಿ ಕಳೆದಿದೆ" ಅಂತ ಬರೆದು ಸಹಿ ಹಾಕಿಕೊಟ್ಟರು. ಒಂದು ರೂಪಾಯಿ ಕೇಳಲಿಲ್ಲ. ಆ ಬದಲಿ ಮೆಡಲ್ ಇನ್ನೂ ಬಂದಿಲ್ಲ.

ಏಪ್ರಿಲ್‌ನಿಂದ ಜುಲೈವರೆಗೆ ಹೇಳುವಂಥದ್ದು ಕಡಿಮೆ, ಕಾಯುವುದೇ ಜಾಸ್ತಿ. ಹೆಸರು ತಿದ್ದುಪಡಿ ರೆಕಾರ್ಡ್ಸ್‌ನಲ್ಲಿ ಆಯಿತು. ಆದರೆ ಮುಂದಿನ ಒಂದು ಕಚೇರಿಯಲ್ಲಿ, ಯಾವುದು ಅಂತ ಬೇಡ, ಕಡತ ಏಳು ವಾರ ಕೂತಿತು. ಕೊನೆಗೆ ದಾಖಲೆ ಸ್ಪಷ್ಟವಿಲ್ಲ ಅಂತ ವಾಪಸ್. ಯಾವ ದಾಖಲೆ ಅಂತ ಹೇಳಿರಲಿಲ್ಲ. ನಾನೇ ಒಂದೊಂದಾಗಿ ತೆಗೆದು ನೋಡಿದೆ. ಡಿಸ್ಚಾರ್ಜ್ ಬುಕ್‌ನ ಹಳದಿ ಹಾಳೆಯನ್ನು ಮೊಬೈಲಿನಲ್ಲಿ ಫೋಟೊ ಹೊಡೆದು ಹಾಕಿದ್ದೆ, ಅದು ಮಸುಕಾಗಿತ್ತು. ಅಂಗಡಿಯಲ್ಲಿ ಸರಿಯಾಗಿ ಸ್ಕ್ಯಾನ್ ಮಾಡಿಸಿ ಹಾಕಿದ ಮೇಲೆ ಹೋಯಿತು. ಮೂವತ್ತು ರೂಪಾಯಿ ಉಳಿಸಲು ಹೋಗಿ ಏಳು ವಾರ ಕಳೆದೆ.

ಆ ದಿನಗಳಲ್ಲೇ ಒಬ್ಬ ಏಜೆಂಟ್ ಗಂಟು ಬಿದ್ದ. ಎಂಟು ಸಾವಿರ ಕೊಡಿ, ತಿಂಗಳಲ್ಲಿ ಮಾಡಿಸುತ್ತೇನೆ ಅಂದ. ನಿಜ ಹೇಳಬೇಕೆಂದರೆ ಕೊಡುವ ಮನಸ್ಸಾಗಿತ್ತು. ಅಷ್ಟು ಬೇಸತ್ತಿದ್ದೆ. ಸುಬೇದಾರರಿಗೆ ಫೋನ್ ಮಾಡಿದೆ. "ಅವಾ ಮಾಡೂದೂ ಇದ ಪೋರ್ಟಲ್‌ನಾಗ, ನೀ ಮಾಡೂದೂ ಇದರಾಗ. ಸುಮ್ನ ಕೂಡು" ಅಂದರು. ಕೂತೆ.

ಸತ್ತ ಸಿಮ್‌ನ ಗಂಟು ಬಿಡಿಸಲು ಇನ್ನೊಂದು ತಿಂಗಳು ಹಿಡಿಯಿತು. ಆಯಿಯ ಹೆಸರಿನಲ್ಲಿ ಹೊಸ ನಂಬರ್ ಕೊಟ್ಟು, ಅರ್ಜಿ ಬರೆದು, ಅವಳ ಗುರುತು ದೃಢಪಡಿಸಬೇಕಿತ್ತು. ಅಲ್ಲಿ ಹೊಸ ತೊಡಕು. ಆಯಿಯ ಬೆರಳಿಗೆ ಗೆರೆಯೇ ಇಲ್ಲ. ಐವತ್ತು ವರ್ಷ ಕಳೆ ಕಿತ್ತು, ಪಾತ್ರೆ ತಿಕ್ಕಿ ಎಲ್ಲ ಸವೆದಿದೆ. ಯಂತ್ರ ಹತ್ತು ಬೆರಳನ್ನೂ ಒಲ್ಲೆ ಅಂದಿತು. ಅಂಗಡಿಯ ಹುಡುಗಿ ಮುಖದ ಫೋಟೊದಿಂದ ಮಾಡಿದಳು, ಎರಡೇ ನಿಮಿಷ. ಬೆರಳು ಬಾರದ ಹಿರಿಯರಿಗೆ ಈ ದಾರಿ ಇದೆ, ಕೇಳಿ ಮಾಡಿಸಿಕೊಳ್ಳಿ. ಕಣ್ಣು ಮಿಟುಕಿಸು ಅಂದಾಗ ಆಯಿ ನಾಚಿಕೊಂಡಿದ್ದು ನೋಡಬೇಕಿತ್ತು.

ಖರ್ಚಿನ ಲೆಕ್ಕ ಕೇಳುವವರಿಗೆ: ಅಫಿಡವಿಟ್‌ಗಳು ಮತ್ತು ನೋಟರಿ, ನನ್ನ ಕನ್ನಡಾಭಿಮಾನದ ದಂಡವೂ ಸೇರಿ, ಎರಡು ಸಾವಿರದ ಹತ್ತಿರ. ಪತ್ರಿಕೆ ಪ್ರಕಟಣೆ ಎರಡಕ್ಕೆ ಸಾವಿರದ ಒಂಬೈನೂರು. ಜೆರಾಕ್ಸ್, ಸ್ಕ್ಯಾನ್, ಫೋಟೊ ಎಲ್ಲ ಕೂಡಿ ಏಳುನೂರು. ಬಸ್ಸು, ಚಾ, ಊಟ ನಾನು ಬರೆದಿಟ್ಟಿಲ್ಲ. ನನ್ನ ರಜೆ ಹದಿನಾಲ್ಕು ದಿನ ಹೋಯಿತು.

ಹಣ ಎಷ್ಟು ಬರುತ್ತದೆ ಅಂತಲೂ ಮೊದಲೇ ತಿಳಿದಿರಲಿ. ಅಜ್ಜನ ಪೆನ್ಷನ್ ಅಷ್ಟೂ ಆಯಿಗೆ ಬರುತ್ತದೆ ಅಂತ ನಾವು ಅಂದುಕೊಂಡಿದ್ದೆವು. ಹಾಗಲ್ಲ. ಪೆನ್ಷನ್‌ದಾರ 67 ದಾಟಿದ ಮೇಲೆ ತೀರಿಕೊಂಡರೆ ಹೆಂಡತಿಗೆ ಸಾಮಾನ್ಯ ದರ, ಅಂದರೆ ಸಂಬಳದ ಶೇ 30ರ ಲೆಕ್ಕ. ಪೆನ್ಷನ್ ಶೇ 50ರ ಲೆಕ್ಕ. ನೂರು ಬರುತ್ತಿದ್ದಲ್ಲಿ ಸುಮಾರು ಅರವತ್ತು, ಅದರ ಮೇಲೆ ಡಿಎ. ಬಾಕಿ ಒಟ್ಟಿಗೇ ಬಂತು. ಮೆಸೇಜ್ ಬಂದಾಗ ನಾನು ಕೆಲಸದಲ್ಲಿದ್ದೆ. ಆಯಿಗೆ ಫೋನ್ ಮಾಡಿದರೆ "ಬಾಯಿಗೆ ಬಂತೋ, ಅವ್ವಗ ಬಂತೋ?" ಅಂದಳು.

ರಾತ್ರಿ ಸುಮ್ಮನೆ ಹಳೆಯ ಫೋಟೊ ತೆಗೆದೆ. ಊರಿನ ಶಾಲೆಯಲ್ಲಿ ಆಗಸ್ಟ್ 15ಕ್ಕೆ ಅಜ್ಜ ಧ್ವಜಕ್ಕೆ ಸೆಲ್ಯೂಟ್ ಹೊಡೆಯುತ್ತಿರುವುದು, ನಾನೇ ತೆಗೆದಿದ್ದು. ನಮ್ಮ ಭೂಸೇನೆಯ ಸೆಲ್ಯೂಟ್‌ನಲ್ಲಿ ಅಂಗೈ ಎದುರಿಗೆ ಕಾಣುತ್ತದೆ. ಬೆರಳಿಂದ ದೊಡ್ಡದು ಮಾಡಿ ನೋಡಿದೆ. ಬಿಸಿಲಿಗೆ ಕಲೆ ಹೊಳೆಯುತ್ತಿತ್ತು.

ಮರುವಾರ ಲೈಫ್ ಸರ್ಟಿಫಿಕೇಟ್ ಕೊಡಲು ಆಯಿಯನ್ನು ಅದೇ ಅಂಗಡಿಗೆ ಕರೆದುಕೊಂಡು ಹೋದೆ. ಇನ್ನು ಇದು ವರ್ಷ ವರ್ಷವೂ ಇದ್ದದ್ದೇ. ಅವತ್ತು ಹುಡುಗಿ ಇರಲಿಲ್ಲ, ಹೊಸ ಹುಡುಗ ಕೂತಿದ್ದ. ಕಂಪ್ಯೂಟರ್‌ನಿಂದ ಕಣ್ಣು ತೆಗೆಯದೆ "ಹೆಸರೇನು ಯವ್ವಾ?" ಅಂತ ಕೇಳಿದ.

ಆಯಿ ಸೆರಗು ಸರಿ ಮಾಡಿಕೊಂಡು ಕೇಳಿದಳು, "ಯಾವುದು ಹೇಳ್ಲಿ ತಮ್ಮಾ? ಮನ್ಯಾಂದೋ, ಮಿಲಿಟ್ರ್ಯಾಂದೋ?"